ಹೊಟ್ಟೆಯ ಬೊಜ್ಜು

ಹೊಟ್ಟೆಯ ಬೊಜ್ಜು ಎಂದರೆ ಸೊಂಟದ ಸುತ್ತ ಮತ್ತು ಉದರದ ಒಳಭಾಗದಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಸಂಗ್ರಹವಾಗುವ ಕೊಬ್ಬು. ವೈದ್ಯಕೀಯದಲ್ಲಿ ಇದನ್ನು ಉದರ ಸ್ಥೂಲಕಾಯ ಅಥವಾ ಕೇಂದ್ರೀಯ ಸ್ಥೂಲಕಾಯ ಎಂದು ಕರೆಯುತ್ತಾರೆ. ಆಡುಮಾತಿನಲ್ಲಿ ಡೊಳ್ಳುಹೊಟ್ಟೆ, ಬೊಜ್ಜು ಹೊಟ್ಟೆ ಎಂಬ ಹೆಸರುಗಳಿವೆ. ದೇಹದ ಒಟ್ಟು ತೂಕ ಎಷ್ಟೇ ಇದ್ದರೂ, ಕೊಬ್ಬು ಎಲ್ಲಿ ಶೇಖರವಾಗಿದೆ ಎಂಬುದು ಆರೋಗ್ಯದ ದೃಷ್ಟಿಯಿಂದ ಮುಖ್ಯವಾಗಿದೆ. ತೊಡೆ ಮತ್ತು ನಿತಂಬಗಳಲ್ಲಿರುವ ಕೊಬ್ಬಿಗಿಂತ ಹೊಟ್ಟೆಯೊಳಗಿನ ಕೊಬ್ಬು ಮಧುಮೇಹ, ಹೃದ್ರೋಗ, ರಕ್ತದೊತ್ತಡ ಮತ್ತು ಯಕೃತ್ತಿನ ಕಾಯಿಲೆಗಳೊಂದಿಗೆ ಹೆಚ್ಚು ನಿಕಟವಾದ ಸಂಬಂಧ ಹೊಂದಿದೆ. ಭಾರತೀಯ ವಯಸ್ಕರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ತಲುಪಿದರೆ ಅದನ್ನು ಎಚ್ಚರಿಕೆಯ ಮಟ್ಟವೆಂದು ಪರಿಗಣಿಸಲಾಗುತ್ತದೆ. ಆಹಾರ, ದೈಹಿಕ ಚಟುವಟಿಕೆ ಮತ್ತು ನಿದ್ರೆಯಲ್ಲಿ ಮಾಡಿಕೊಳ್ಳುವ ಬದಲಾವಣೆಗಳಿಂದ ಇದನ್ನು ಬಹುಮಟ್ಟಿಗೆ ತಗ್ಗಿಸಬಹುದು.

ಪರಿಕಲ್ಪನೆಯ ಇತಿಹಾಸ

ಸ್ಥೂಲಕಾಯವು ರೋಗಕ್ಕೆ ಕಾರಣವೆಂಬ ತಿಳಿವಳಿಕೆ ಭಾರತದಲ್ಲಿ ಹಳೆಯದು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲ ಮತ್ತು ಅತಿಕೃಶ ದೇಹಗಳೆರಡನ್ನೂ ದೋಷಯುಕ್ತವೆಂದು ವಿವರಿಸಲಾಗಿದೆ. ಆಯುರ್ವೇದವು ಈ ಸ್ಥಿತಿಯನ್ನು ಸ್ಥೌಲ್ಯ, ಮೇದೋರೋಗ ಎಂದು ಹೆಸರಿಸುತ್ತದೆ. ಆದರೂ ಬರಗಾಲ ಮತ್ತು ಹಸಿವು ಸಾಮಾನ್ಯವಾಗಿದ್ದ ಕಾಲದಲ್ಲಿ ತುಂಬಿದ ಹೊಟ್ಟೆ ಸಿರಿತನದ ಗುರುತಾಗಿ ಉಳಿದುಕೊಂಡಿತ್ತು. ಈ ಭಾವನೆ ಇಂದಿಗೂ ಪೂರ್ತಿ ಅಳಿದಿಲ್ಲ.

ಆಧುನಿಕ ವೈದ್ಯಶಾಸ್ತ್ರದಲ್ಲಿ ಕೊಬ್ಬಿನ ಹಂಚಿಕೆಯ ಮಹತ್ವವನ್ನು ಮೊದಲಿಗೆ ಸ್ಪಷ್ಟವಾಗಿ ಗುರುತಿಸಿದವರು ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್ ವಾಗ್. ಅವರು 1947ರಲ್ಲಿ ದೇಹದ ಮೇಲ್ಭಾಗದಲ್ಲಿ ಕೊಬ್ಬು ಸೇರುವ ಪುರುಷ ಮಾದರಿಯನ್ನೂ ಕೆಳಭಾಗದಲ್ಲಿ ಸೇರುವ ಸ್ತ್ರೀ ಮಾದರಿಯನ್ನೂ ಬೇರ್ಪಡಿಸಿ, ಮೊದಲನೆಯದು ಮಧುಮೇಹದಂತಹ ರೋಗಗಳಿಗೆ ಹೆಚ್ಚು ಹತ್ತಿರವೆಂದು ತೋರಿಸಿದರು. 1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಅವರು ಇನ್ಸುಲಿನ್ ಪ್ರತಿರೋಧ, ರಕ್ತದೊತ್ತಡ ಮತ್ತು ರಕ್ತದ ಕೊಬ್ಬಿನ ಏರುಪೇರು ಒಟ್ಟಾಗಿ ಕಾಣಿಸಿಕೊಳ್ಳುವುದನ್ನು ಸಿಂಡ್ರೋಮ್ ಎಕ್ಸ್ ಎಂದು ಕರೆದರು. ಮುಂದೆ ಇದರೊಂದಿಗೆ ಸೊಂಟದ ಸುತ್ತಳತೆಯೂ ಸೇರಿ ಮೆಟಬಾಲಿಕ್ ಸಿಂಡ್ರೋಮ್ ಎಂಬ ಪರಿಕಲ್ಪನೆ ರೂಪುಗೊಂಡಿತು. 2004ರಲ್ಲಿ ಪ್ರಕಟವಾದ, 52 ದೇಶಗಳನ್ನು ಒಳಗೊಂಡ ಇಂಟರ್‌ಹಾರ್ಟ್ ಅಧ್ಯಯನವು ಹೊಟ್ಟೆಯ ಬೊಜ್ಜನ್ನು ಹೃದಯಾಘಾತದ ಪ್ರಮುಖ ಕಾರಣಗಳ ಪಟ್ಟಿಗೆ ಸೇರಿಸಿತು.

ಕೊಬ್ಬಿನ ವಿಧಗಳು

ಹೊಟ್ಟೆಯ ಭಾಗದಲ್ಲಿ ಕೊಬ್ಬು ಮುಖ್ಯವಾಗಿ ಎರಡು ಕಡೆ ಸೇರುತ್ತದೆ.

1. ಚರ್ಮದಡಿಯ ಕೊಬ್ಬು: ಇದು ಚರ್ಮ ಮತ್ತು ಸ್ನಾಯುಗಳ ನಡುವೆ ಇರುತ್ತದೆ. ಬೆರಳುಗಳಿಂದ ಹಿಡಿದರೆ ಸಿಗುವ ಮಡಿಕೆ ಇದೇ.

2. ಒಳಾಂಗ ಕೊಬ್ಬು: ಇದು ಹೊಟ್ಟೆಯ ಸ್ನಾಯುಗಳ ಹಿಂದೆ, ಕರುಳು, ಜಠರ ಮತ್ತು ಇತರ ಅಂಗಗಳ ಸುತ್ತ ಇರುತ್ತದೆ. ಕೈಗೆ ಸಿಗುವುದಿಲ್ಲ. ಹೊಟ್ಟೆ ಮುಂದಕ್ಕೆ ಬಂದು ಮುಟ್ಟಿದರೆ ಗಟ್ಟಿಯಾಗಿ ತೋರುವವರಲ್ಲಿ ಈ ಬಗೆಯ ಕೊಬ್ಬು ಹೆಚ್ಚಾಗಿರುವ ಸಾಧ್ಯತೆಯಿದೆ.

ಇವುಗಳ ಜೊತೆಗೆ ಯಕೃತ್ತು, ಮೇದೋಜೀರಕ ಗ್ರಂಥಿ ಮೊದಲಾದ ಅಂಗಗಳ ಒಳಗೂ ಕೊಬ್ಬು ಸೇರಬಹುದು. ಚರ್ಮದಡಿಯ ಕೊಬ್ಬಿನ ಸಂಗ್ರಹ ಸಾಮರ್ಥ್ಯ ತುಂಬಿದ ಬಳಿಕ ಹೆಚ್ಚುವರಿ ಕೊಬ್ಬು ಈ ಅಂಗಗಳತ್ತ ತಿರುಗುತ್ತದೆ ಎಂಬುದು ಈಗ ಪ್ರಚಲಿತವಾಗಿರುವ ವಿವರಣೆ. ಕಣಜ ತುಂಬಿದ ಮೇಲೆ ಕಾಳು ಪಡಸಾಲೆಗೆ ಚೆಲ್ಲುವುದಕ್ಕೆ ಇದನ್ನು ಹೋಲಿಸಬಹುದು.

ಕೊಬ್ಬಿನ ಅಂಗಾಂಶವು ಕೇವಲ ದಾಸ್ತಾನಲ್ಲ. ಅದು ರಸದೂತಗಳನ್ನೂ ಉರಿಯೂತ ಉಂಟುಮಾಡುವ ವಸ್ತುಗಳನ್ನೂ ಸ್ರವಿಸುವ ಸಕ್ರಿಯ ಅಂಗ. ಒಳಾಂಗ ಕೊಬ್ಬಿನ ಬಹುಭಾಗದಿಂದ ಹೊರಡುವ ರಕ್ತವು ಪೋರ್ಟಲ್ ಅಭಿಧಮನಿಯ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಅದರೊಡನೆ ಹೋಗುವ ಕೊಬ್ಬಿನಾಮ್ಲಗಳು ಯಕೃತ್ತಿನಲ್ಲಿ ಇನ್ಸುಲಿನ್‌ನ ಪರಿಣಾಮವನ್ನು ಕುಗ್ಗಿಸುತ್ತವೆ. ಇನ್ಸುಲಿನ್ ಕೆಲಸವನ್ನು ಸುಗಮಗೊಳಿಸುವ ಅಡಿಪೊನೆಕ್ಟಿನ್ ಎಂಬ ರಸದೂತದ ಪ್ರಮಾಣವೂ ಇಳಿಯುತ್ತದೆ. ಆಗ ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಉತ್ಪಾದಿಸಬೇಕಾಗುತ್ತದೆ. ಅದು ಸೋತಾಗ ರಕ್ತದ ಸಕ್ಕರೆ ಏರುತ್ತದೆ.

ಅಳೆಯುವ ಕ್ರಮ

ಒಳಾಂಗ ಕೊಬ್ಬನ್ನು ನಿಖರವಾಗಿ ಅಳೆಯಲು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಬೇಕು. ಆದರೆ ದಿನಬಳಕೆಗೆ ದರ್ಜಿಯ ಅಳತೆಪಟ್ಟಿಯೊಂದು ಸಾಕು. ಅಳೆಯುವ ವಿಧಾನ ಹೀಗಿದೆ:

- ನೇರವಾಗಿ ನಿಂತು, ಬಟ್ಟೆಯನ್ನು ಸರಿಸಿ, ಪಕ್ಕೆಲುಬಿನ ಕೊನೆಯ ಅಂಚು ಮತ್ತು ಸೊಂಟದ ಮೂಳೆಯ ಮೇಲಿನ ಅಂಚುಗಳ ನಡುವಿನ ಮಧ್ಯಬಿಂದುವನ್ನು ಗುರುತಿಸಬೇಕು.
- ಆ ಮಟ್ಟದಲ್ಲಿ ಪಟ್ಟಿಯನ್ನು ನೆಲಕ್ಕೆ ಸಮಾನಾಂತರವಾಗಿ, ಬಿಗಿಯದಂತೆ ಸುತ್ತಬೇಕು.
- ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳತೆ ಓದಬೇಕು. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬಾರದು.

ಪ್ಯಾಂಟಿನ ಅಳತೆಯನ್ನು ನೆಚ್ಚುವುದು ಸರಿಯಲ್ಲ. ಹೊಟ್ಟೆ ಬೆಳೆದಂತೆ ಪ್ಯಾಂಟನ್ನು ಅದರ ಕೆಳಗೆ ಧರಿಸುವುದರಿಂದ ಅದೇ ಅಳತೆ ವರ್ಷಗಟ್ಟಲೆ ಹೊಂದುತ್ತಿರುತ್ತದೆ.

ಬಳಕೆಯಲ್ಲಿರುವ ಮುಖ್ಯ ಮಾನದಂಡಗಳು:

- ಸೊಂಟದ ಸುತ್ತಳತೆ: ಭಾರತೀಯ ಪುರುಷರಿಗೆ 90 ಸೆಂ.ಮೀ. (ಸುಮಾರು 35.5 ಇಂಚು), ಮಹಿಳೆಯರಿಗೆ 80 ಸೆಂ.ಮೀ. (ಸುಮಾರು 31.5 ಇಂಚು). ಅಮೆರಿಕದಲ್ಲಿ ಬಳಸುವ 102 ಮತ್ತು 88 ಸೆಂ.ಮೀ. ಮಿತಿಗಳು ಭಾರತೀಯರಿಗೆ ಅನ್ವಯಿಸುವುದಿಲ್ಲ.
- ಸೊಂಟ ಮತ್ತು ನಿತಂಬಗಳ ಅನುಪಾತ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪುರುಷರಲ್ಲಿ 0.90, ಮಹಿಳೆಯರಲ್ಲಿ 0.85 ತಲುಪಿದರೆ ಅಪಾಯ ಹೆಚ್ಚು.
- ಸೊಂಟ ಮತ್ತು ಎತ್ತರದ ಅನುಪಾತ: ಸೊಂಟದ ಸುತ್ತಳತೆಯು ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. 160 ಸೆಂ.ಮೀ. ಎತ್ತರದವರಿಗೆ 80 ಸೆಂ.ಮೀ. ಮಿತಿ. ಎತ್ತರದಷ್ಟು ಉದ್ದದ ದಾರವನ್ನು ಎರಡು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಿದಾಗ ತುದಿಗಳು ಕೂಡದಿದ್ದರೆ ಬೊಜ್ಜು ಇದೆ ಎಂದರ್ಥ. ಅಳತೆಪಟ್ಟಿ ಇಲ್ಲದೆಯೂ ಮಾಡಬಹುದಾದ ಪರೀಕ್ಷೆ ಇದು.

ದೇಹ ತೂಕ ಸೂಚ್ಯಂಕವು (ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬರುವ ಸಂಖ್ಯೆ) ಕೊಬ್ಬನ್ನೂ ಸ್ನಾಯುವನ್ನೂ ಬೇರ್ಪಡಿಸುವುದಿಲ್ಲ. ಭಾರತೀಯರಲ್ಲಿ ಈ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯ ಎಂದು ಪರಿಗಣಿಸುವ ರೂಢಿಯಿದೆ. ಸ್ಥೂಲಕಾಯವನ್ನು ನಿರ್ಧರಿಸಲು ಈ ಸೂಚ್ಯಂಕವೊಂದೇ ಸಾಲದು, ಸೊಂಟದ ಅಳತೆಯೂ ಬೇಕು ಎಂದು 2025ರಲ್ಲಿ ಲ್ಯಾನ್ಸೆಟ್ ಆಯೋಗವು ಅಭಿಪ್ರಾಯಪಟ್ಟಿತು.

ಕಾರಣಗಳು

ಸೇವಿಸುವ ಶಕ್ತಿಯು ವ್ಯಯವಾಗುವ ಶಕ್ತಿಗಿಂತ ದೀರ್ಘಕಾಲ ಹೆಚ್ಚಾಗಿರುವುದು ಮೂಲ ಕಾರಣ. ಆದರೆ ಆ ಹೆಚ್ಚುವರಿ ಕೊಬ್ಬು ಹೊಟ್ಟೆಯಲ್ಲೇ ಸೇರಲು ಬೇರೆ ಬೇರೆ ಅಂಶಗಳು ನೆರವಾಗುತ್ತವೆ.

- ಆಹಾರ: ಸಕ್ಕರೆ ಬೆರೆತ ಪಾನೀಯ, ಮೈದಾ ಪದಾರ್ಥ, ಕರಿದ ತಿಂಡಿ, ಪಾಲಿಶ್ ಮಾಡಿದ ಅಕ್ಕಿಯ ಅತಿಬಳಕೆ ಹಾಗೂ ನಾರು ಮತ್ತು ಪ್ರೊಟೀನಿನ ಕೊರತೆ.
- ಚಟುವಟಿಕೆಯ ಕೊರತೆ: ದೀರ್ಘಕಾಲ ಕುಳಿತು ಮಾಡುವ ಕೆಲಸ, ಸಮೀಪದ ದೂರಕ್ಕೂ ವಾಹನದ ಬಳಕೆ.
- ವಯಸ್ಸು: ವಯಸ್ಸಾದಂತೆ ಸ್ನಾಯು ಕರಗಿ ಆ ಜಾಗದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ. ತೂಕ ಬದಲಾಗದೆಯೂ ಸೊಂಟ ಬೆಳೆಯಬಹುದು.
- ರಸದೂತಗಳು: ಮುಟ್ಟು ನಿಂತ ಬಳಿಕ ಈಸ್ಟ್ರೊಜನ್ ಇಳಿಯುವುದರಿಂದ ಮಹಿಳೆಯರಲ್ಲಿ ಕೊಬ್ಬು ತೊಡೆಯಿಂದ ಹೊಟ್ಟೆಯ ಕಡೆಗೆ ಸರಿಯುತ್ತದೆ.
- ನಿದ್ರೆಯ ಕೊರತೆ: 2022ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ ನಾಲ್ಕು ಗಂಟೆ ಮಾತ್ರ ಮಲಗಿದವರ ಒಳಾಂಗ ಕೊಬ್ಬು ಸುಮಾರು 11 ಪ್ರತಿಶತ ಹೆಚ್ಚಿತು.
- ಮದ್ಯ ಮತ್ತು ತಂಬಾಕು: ಒಂದು ಗ್ರಾಂ ಮದ್ಯಸಾರದಲ್ಲಿ 7 ಕಿಲೋಕ್ಯಾಲೊರಿ ಇದೆ. ಧೂಮಪಾನಿಗಳ ತೂಕ ಕಡಿಮೆಯಿದ್ದರೂ ಹೊಟ್ಟೆಯ ಕೊಬ್ಬು ಹೆಚ್ಚಿರುವುದು ಕಂಡುಬಂದಿದೆ.
- ಅನುವಂಶೀಯತೆ, ಸತತ ಮಾನಸಿಕ ಒತ್ತಡ, ಸ್ಟಿರಾಯ್ಡ್‌ನಂತಹ ಕೆಲವು ಔಷಧಿಗಳು ಮತ್ತು ಕುಶಿಂಗ್ ಸಿಂಡ್ರೋಮ್‌ನಂತಹ ಕೆಲವು ರೋಗಗಳು.

ಆರೋಗ್ಯದ ಅಪಾಯಗಳು

ಟೈಪ್ 2 ಮಧುಮೇಹವು ಹೊಟ್ಟೆಯ ಬೊಜ್ಜಿನ ಅತ್ಯಂತ ನಿಕಟವಾದ ಪರಿಣಾಮ. ಇದರೊಂದಿಗೆ ರಕ್ತದೊತ್ತಡ, ಹೃದಯಾಘಾತ, ಪಾರ್ಶ್ವವಾಯು, ಕೊಬ್ಬಿದ ಯಕೃತ್ತು, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ, ಮೂತ್ರಪಿಂಡದ ಕಾಯಿಲೆ, ಪಿತ್ತಕೋಶದ ಕಲ್ಲು, ಮೊಣಕಾಲು ಮತ್ತು ಬೆನ್ನಿನ ನೋವು, ಮಹಿಳೆಯರಲ್ಲಿ ಅಂಡಾಶಯದ ಪಿ.ಸಿ.ಓ.ಎಸ್. ತೊಂದರೆಗಳು ಸಂಬಂಧ ಹೊಂದಿವೆ. ದೇಹದಲ್ಲಿ ಅತಿಯಾದ ಕೊಬ್ಬಿರುವುದು ದೊಡ್ಡ ಕರುಳು, ಯಕೃತ್ತು, ಮೇದೋಜೀರಕ ಗ್ರಂಥಿ, ಮೂತ್ರಪಿಂಡ, ಗರ್ಭಾಶಯದ ಒಳಪದರ ಮತ್ತು ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್ ಸೇರಿದಂತೆ 13 ಬಗೆಯ ಕ್ಯಾನ್ಸರ್‌ಗಳ ಅಪಾಯವನ್ನು ಹೆಚ್ಚಿಸುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ತಿಳಿಸಿತು.

ಕೆಳಗಿನ ಐದರಲ್ಲಿ ಯಾವುವಾದರೂ ಮೂರು ಇದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ:

1. ಮಿತಿ ಮೀರಿದ ಸೊಂಟದ ಸುತ್ತಳತೆ
2. ಟ್ರೈಗ್ಲಿಸರೈಡ್ 150 ಮಿ.ಗ್ರಾಂ. ಅಥವಾ ಹೆಚ್ಚು
3. ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್.ಡಿ.ಎಲ್. ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50 ಮಿ.ಗ್ರಾಂ.ಗಿಂತ ಕಡಿಮೆ
4. ರಕ್ತದೊತ್ತಡ 130/85 ಅಥವಾ ಹೆಚ್ಚು
5. ಬರಿಹೊಟ್ಟೆಯ ರಕ್ತದ ಸಕ್ಕರೆ 100 ಮಿ.ಗ್ರಾಂ. ಅಥವಾ ಹೆಚ್ಚು

ಈ ಐದರಲ್ಲಿ ಕಣ್ಣಿಗೆ ಕಾಣುವುದು ಮೊದಲನೆಯದು ಮಾತ್ರ. ಉಳಿದ ನಾಲ್ಕೂ ನೋವಿಲ್ಲದೆ, ಲಕ್ಷಣಗಳಿಲ್ಲದೆ ವರ್ಷಗಳ ಕಾಲ ಮುಂದುವರಿಯಬಲ್ಲವು. ಆದ್ದರಿಂದಲೇ ಸೊಂಟದ ಅಳತೆಯನ್ನು ಮುನ್ಸೂಚನೆಯಾಗಿ ಬಳಸಲಾಗುತ್ತದೆ.

ಭಾರತೀಯರಲ್ಲಿ ವಿಶೇಷ ಅಪಾಯ

ಒಂದೇ ತೂಕ ಮತ್ತು ಎತ್ತರದ ಯೂರೋಪಿಯನ್ನರಿಗೆ ಹೋಲಿಸಿದರೆ ಭಾರತೀಯರಲ್ಲಿ ಕೊಬ್ಬಿನ ಪ್ರಮಾಣ ಹೆಚ್ಚು, ಸ್ನಾಯುವಿನ ಪ್ರಮಾಣ ಕಡಿಮೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮನ್ನೇ ಉದಾಹರಣೆಯಾಗಿಸಿಕೊಂಡು ಇದನ್ನು ತೋರಿಸಿದರು. ಇಬ್ಬರ ದೇಹ ತೂಕ ಸೂಚ್ಯಂಕವೂ 22.3 ಇತ್ತು. ಆದರೆ ಯುಡ್ಕಿನ್ ಅವರ ದೇಹದಲ್ಲಿ 9.1 ಪ್ರತಿಶತ ಕೊಬ್ಬಿದ್ದರೆ ಯಾಜ್ಞಿಕ್ ಅವರಲ್ಲಿ 21.2 ಪ್ರತಿಶತ ಇತ್ತು. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ತುಂಬಿರುವ ಇಂತಹ ದೇಹಪ್ರಕೃತಿಯನ್ನು ‘ತೆಳು-ಕೊಬ್ಬು ಭಾರತೀಯ’ ಎಂದು ಕರೆಯಲಾಗಿದೆ. ತೋಳು ಕಾಲುಗಳು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ಇದರ ಸಾಮಾನ್ಯ ರೂಪ.

ಈ ಪ್ರವೃತ್ತಿಯ ಬೇರು ಗರ್ಭದಲ್ಲೇ ಇದೆಯೆಂಬ ಚರ್ಚೆಗೆ ಕರ್ನಾಟಕದ ಕೊಡುಗೆ ದೊಡ್ಡದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ ಮತ್ತು ಅಳತೆಗಳ ದಾಖಲೆಗಳು ಉಳಿದಿದ್ದವು. ಆ ದಾಖಲೆಗಳ ಆಧಾರದಿಂದ, ದೊಡ್ಡವರಾಗಿದ್ದ ಅದೇ ವ್ಯಕ್ತಿಗಳನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದ್ರೋಗ ಹೆಚ್ಚಿರುವುದು ಕಂಡುಬಂತು. ಈ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಆರಂಭವಾದ ಮೈಸೂರು ಪಾರ್ಥೆನಾನ್ ಅಧ್ಯಯನವು ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ದೀರ್ಘಕಾಲ ಅನುಸರಿಸಿತು. ತಾಯಿಯ ಪೋಷಣೆ, ಗರ್ಭಾವಸ್ಥೆಯ ಮಧುಮೇಹ ಮತ್ತು ಮಗುವಿನ ಮುಂದಿನ ಆರೋಗ್ಯ ಇವುಗಳ ನಡುವಿನ ಸಂಬಂಧವನ್ನು ಅರಿಯಲು ಈ ಅಧ್ಯಯನಗಳು ನೆರವಾಗಿವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ 2023ರ ವರದಿಯ ಪ್ರಕಾರ ದೇಶದ ವಯಸ್ಕರಲ್ಲಿ 39.5 ಪ್ರತಿಶತ ಜನರಿಗೆ ಹೊಟ್ಟೆಯ ಬೊಜ್ಜು, 11.4 ಪ್ರತಿಶತ ಜನರಿಗೆ ಮಧುಮೇಹ, 15.3 ಪ್ರತಿಶತ ಜನರಿಗೆ ಮಧುಮೇಹದ ಪೂರ್ವಸ್ಥಿತಿ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಕರ್ನಾಟಕದ ಸುಮಾರು 30 ಪ್ರತಿಶತ ಮಹಿಳೆಯರು ಮತ್ತು 31 ಪ್ರತಿಶತ ಪುರುಷರು ಅಧಿಕ ತೂಕ ಅಥವಾ ಸ್ಥೂಲಕಾಯ ಹೊಂದಿದ್ದರು. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರ ಸೊಂಟ-ನಿತಂಬ ಅನುಪಾತ ಅಪಾಯದ ಮಟ್ಟದಲ್ಲಿದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಆಹಾರ ಮತ್ತು ದುಡಿಮೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆಗೆ ಸೇರಿವೆ. ಇಲ್ಲಿನ ಸಾಂಪ್ರದಾಯಿಕ ಊಟ ಬಿಳಿಜೋಳದ ರೊಟ್ಟಿ, ಬೇಳೆ ಅಥವಾ ಮೊಳಕೆ ಕಾಳಿನ ಪಲ್ಯ, ಪುಂಡಿ ಪಲ್ಯ, ಝುಣಕ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಮೊಸರು ಮತ್ತು ಅಗಸಿ, ಗುರೆಳ್ಳು, ಶೇಂಗಾ ಹಿಂಡಿಗಳನ್ನು ಒಳಗೊಂಡಿದೆ. ನಾರು, ಪ್ರೊಟೀನ್ ಮತ್ತು ಸೊಪ್ಪು ಮೂರೂ ಇದರಲ್ಲಿ ಕೂಡಿಬರುತ್ತವೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ ಇದೆ. ಶಕ್ತಿಯ ಪ್ರಮಾಣದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ರೊಟ್ಟಿಯನ್ನು ಅಗಿದು ತಿನ್ನಬೇಕಾದುದರಿಂದ ಮತ್ತು ನಾರಿನಿಂದ ಹೊಟ್ಟೆ ಬೇಗ ತುಂಬುವುದರಿಂದ ತಿನ್ನುವ ಪ್ರಮಾಣ ಸಹಜವಾಗಿ ಹತೋಟಿಯಲ್ಲಿರುತ್ತದೆ.

ನೀರಾವರಿಯೊಂದಿಗೆ ಈ ಸೀಮೆಯ ಬೆಳೆ ಬದಲಾಯಿತು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ತಮ್ಮದೇ ಹಣ ಮತ್ತು ಶ್ರಮದಿಂದ ಕೃಷ್ಣೆಗೆ ಕಟ್ಟಿದ ಬ್ಯಾರೇಜು 1989ರಲ್ಲಿ ಪೂರ್ಣಗೊಂಡಿತು. ಒಣಬೇಸಾಯದ ಜೋಳದ ಹೊಲಗಳ ಜಾಗದಲ್ಲಿ ಕಬ್ಬು ಹರಡಿತು, ಸಕ್ಕರೆ ಕಾರ್ಖಾನೆಗಳು ಬಂದವು. ಮಹಾಲಿಂಗಪುರವು ಬೆಲ್ಲದ ಮಾರುಕಟ್ಟೆಯಾಗಿ ಹೆಸರಾಗಿದೆ. ನೀರು ಬಂದುದರಿಂದ ಬಡತನ ಮತ್ತು ಗುಳೆ ತಗ್ಗಲು ನೆರವಾಯಿತು. ಟ್ರ್ಯಾಕ್ಟರ್, ಪಂಪ್‌ಸೆಟ್ಟು, ದ್ವಿಚಕ್ರ ವಾಹನಗಳು ಬಂದುದರಿಂದ ಮೈಮುರಿಯುವ ದುಡಿಮೆಯೂ ತಗ್ಗಿತು. ಊಟದ ಪ್ರಮಾಣ ಮಾತ್ರ ದುಡಿಮೆಯ ಕಾಲದ್ದೇ ಉಳಿದರೆ, ಹೆಚ್ಚುವರಿ ಶಕ್ತಿ ಕೊಬ್ಬಾಗುತ್ತದೆ.

ರಬಕವಿ-ಬನಹಟ್ಟಿಯು ನೇಕಾರಿಕೆಯ ಕೇಂದ್ರ. ಕುಣಿಮಗ್ಗದಲ್ಲಿ ನೇಕಾರನ ಕೈ ಕಾಲುಗಳೆರಡೂ ಸತತವಾಗಿ ದುಡಿಯುತ್ತಿದ್ದವು. ವಿದ್ಯುತ್ ಮಗ್ಗದಲ್ಲಿ ದುಡಿಮೆಯ ಸ್ವರೂಪವೇ ಬೇರೆ. ಅಲ್ಲಿ ನಿಂತು ಮಗ್ಗಗಳನ್ನು ನೋಡಿಕೊಳ್ಳುವುದೇ ಮುಖ್ಯ ಕೆಲಸ. ರಾತ್ರಿ ಪಾಳಿಯಿದ್ದರೆ ನಿದ್ರೆ ಕೆಡುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಚಹಾ, ಚುರುಮುರಿ, ಮಿರ್ಚಿ ಭಜಿಗಳ ಸೇವನೆ ಹೆಚ್ಚುತ್ತದೆ. ಇವೆಲ್ಲವೂ ಹೊಟ್ಟೆಯ ಬೊಜ್ಜಿಗೆ ಅನುಕೂಲವಾದ ಸನ್ನಿವೇಶಗಳು.

ಈ ಸೀಮೆಯಲ್ಲಿ ಗರಡಿಮನೆ ಮತ್ತು ಕುಸ್ತಿಯ ಪರಂಪರೆಯಿದೆ. ಭಾರವಾದ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗಳೂ ಜಾತ್ರೆಗಳಲ್ಲಿ ನಡೆಯುತ್ತವೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ಸೈಕ್ಲಿಂಗ್ ಪಟುಗಳಿಗೂ ಪ್ರಸಿದ್ಧವಾಗಿವೆ. ಆದರೆ ತಾಲೀಮು ನಿಲ್ಲಿಸಿದ ಮೇಲೂ ಪೈಲ್ವಾನರ ಹಾಲು, ತುಪ್ಪ, ಬಾದಾಮಿಯ ಆಹಾರವನ್ನು ಮುಂದುವರಿಸಿದವರಲ್ಲಿ ಬೊಜ್ಜು ಬೇಗ ಸೇರುತ್ತದೆ. ಯುಗಾದಿಯ ಸಮಯದಲ್ಲಿ ಇಲ್ಲಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ನೂರಾರು ಕಿಲೋಮೀಟರ್ ನಡೆಯುತ್ತಾರೆ. ಅಷ್ಟು ನಡೆಯಬಲ್ಲ ದೇಹಕ್ಕೆ ದಿನಕ್ಕೆ ಅರ್ಧ ಗಂಟೆಯ ನಡಿಗೆ ಕಷ್ಟವಲ್ಲ. ಆದರೆ ವರ್ಷಕ್ಕೊಮ್ಮೆಯ ಯಾತ್ರೆ ದಿನನಿತ್ಯದ ನಡಿಗೆಗೆ ಬದಲಿಯಾಗಲಾರದು.

ಕಡಿಮೆ ಮಾಡುವ ಕ್ರಮಗಳು

ದೇಹದ ತೂಕದಲ್ಲಿ 5ರಿಂದ 10 ಪ್ರತಿಶತ ಇಳಿಕೆಯಾದರೂ ರಕ್ತದೊತ್ತಡ, ಸಕ್ಕರೆ ಮತ್ತು ಟ್ರೈಗ್ಲಿಸರೈಡ್‌ಗಳಲ್ಲಿ ಗಣನೀಯ ಸುಧಾರಣೆ ಕಾಣುತ್ತದೆ. 80 ಕಿಲೋ ತೂಕದವರಿಗೆ ಇದು 4ರಿಂದ 8 ಕಿಲೋ. ತೂಕ ಇಳಿಯುವಾಗ ಒಳಾಂಗ ಕೊಬ್ಬು ಚರ್ಮದಡಿಯ ಕೊಬ್ಬಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕರಗುವುದು ಸಮಾಧಾನದ ಸಂಗತಿ. ವಾರಕ್ಕೆ ಅರ್ಧ ಕಿಲೋ ಇಳಿಕೆ ಸಾಕು. ಅವಸರದ ಇಳಿಕೆಯಲ್ಲಿ ಸ್ನಾಯುವೂ ನಷ್ಟವಾಗುತ್ತದೆ.

ಆಹಾರ

- ಊಟದ ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಸೊಪ್ಪು, ಕಾಲು ಭಾಗ ಕಾಳು, ಬೇಳೆ, ಮೊಸರು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ ಇರಲಿ. ರೊಟ್ಟಿ ಉಂಡ ಮೇಲೆ ಮತ್ತೆ ತಟ್ಟೆ ತುಂಬ ಅನ್ನ ಬಡಿಸಿಕೊಳ್ಳುವ ರೂಢಿಯನ್ನು ತಗ್ಗಿಸಬೇಕು.
- ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗೆ ಇರಿಸುವುದು ಒಳಿತು. ದಿನಕ್ಕೆ ಐದು ಕಪ್ ಚಹಾ, ಪ್ರತಿ ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ, ಅಂದರೆ 200 ಕಿಲೋಕ್ಯಾಲೊರಿ. ಚಹಾದಿಂದಲೇ ಮಿತಿಯ ಎರಡರಷ್ಟು ಸಕ್ಕರೆ ಸೇರಿತು. ಒಂದು ದೊಡ್ಡ ಲೋಟ ಕಬ್ಬಿನ ಹಾಲು ಕೂಡ ದಿನದ ಮಿತಿಯನ್ನು ತಲುಪಿಸುತ್ತದೆ.
- ಎಣ್ಣೆಯ ಬಳಕೆಯನ್ನು ತಿಂಗಳ ಲೆಕ್ಕದಲ್ಲಿ ನೋಡುವುದು ಸುಲಭ. ನಾಲ್ವರ ಮನೆಯಲ್ಲಿ ತಿಂಗಳಿಗೆ 3 ಲೀಟರ್ ಎಣ್ಣೆ ಎಂದರೆ ಒಬ್ಬರಿಗೆ ದಿನಕ್ಕೆ 25 ಮಿ.ಲೀ. ಆಗುತ್ತದೆ. ಇದಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದರೆ ಕರಿದ ಪದಾರ್ಥಗಳನ್ನು ತಗ್ಗಿಸಬೇಕು.
- ಪ್ರೊಟೀನ್ ಪ್ರತಿ ಊಟದಲ್ಲೂ ಇರಬೇಕು. ಹೆಸರು, ಮಡಿಕೆ, ಕಡಲೆ, ಅಲಸಂದೆ ಕಾಳುಗಳು ಅಗ್ಗದ ಮೂಲಗಳು.
- ಶೇಂಗಾ ಹಿಂಡಿ, ಕರದಂಟು, ಶೇಂಗಾ ಹೋಳಿಗೆಗಳು ಪೌಷ್ಟಿಕವಾದರೂ ಶಕ್ತಿ ತುಂಬಿದವು. ಅವುಗಳಿಗೆ ಪ್ರಮಾಣದ ಎಚ್ಚರ ಅಗತ್ಯ.
- ರಾತ್ರಿಯ ಊಟ ಹಗುರಾಗಿರಲಿ. ಮಲಗುವ ಎರಡು ಮೂರು ಗಂಟೆಗಳ ಮುಂಚೆ ಮುಗಿಯಲಿ.

ದೈಹಿಕ ಚಟುವಟಿಕೆ

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸಿದೆ. ಮಾತನಾಡಲು ಸಾಧ್ಯ, ಹಾಡಲು ಸಾಧ್ಯವಿಲ್ಲ ಎನ್ನುವಷ್ಟು ವೇಗದ ನಡಿಗೆ ಮಧ್ಯಮ ಶ್ರಮಕ್ಕೆ ಸಮ. ಸೈಕಲ್ ತುಳಿಯುವುದು, ಈಜು, ಹೊಲದ ಕೆಲಸ ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ಇದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಗರಡಿಯ ದಂಡ, ಬೈಠಕ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ವಯಸ್ಸಾದವರು ಕುರ್ಚಿಯಿಂದ ಕೈ ಊರದೆ ಎದ್ದು ಕುಳಿತುಕೊಳ್ಳುವುದನ್ನು ಹತ್ತು ಬಾರಿ ಮಾಡಿದರೂ ಪ್ರಯೋಜನವಿದೆ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ನಡೆಯುವುದು ಕ್ಷೇಮ. ಕುಳಿತು ಕೆಲಸ ಮಾಡುವವರು ಗಂಟೆಗೊಮ್ಮೆಯಾದರೂ ಎದ್ದು ಓಡಾಡಬೇಕು.

ಚೆನ್ನೈಯ ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಯ ಬದಲಾವಣೆಯಿಂದ ಮೂರು ವರ್ಷಗಳಲ್ಲಿ ಮಧುಮೇಹದ ಅಪಾಯ 28.5 ಪ್ರತಿಶತ ತಗ್ಗಿತು. ತೂಕದಲ್ಲಿ ಹೇಳಿಕೊಳ್ಳುವಂತಹ ಇಳಿಕೆ ಆಗಿರಲಿಲ್ಲ ಎಂಬುದು ಗಮನಾರ್ಹ. ತಕ್ಕಡಿಯ ಮುಳ್ಳು ಅಲುಗಾಡಲಿಲ್ಲವೆಂದು ನಡಿಗೆ ಬಿಡಬಾರದು ಎಂಬುದನ್ನು ಇದು ತೋರಿಸುತ್ತದೆ.

ನಿದ್ರೆ ಮತ್ತು ಒತ್ತಡ

ವಯಸ್ಕರಿಗೆ ದಿನಕ್ಕೆ ಏಳು ಗಂಟೆಗಳ ನಿದ್ರೆ ಬೇಕು. ಪಾಳಿಯಲ್ಲಿ ದುಡಿಯುವವರು ಹಗಲಿನಲ್ಲಿ ಕತ್ತಲ ಕೋಣೆಯಲ್ಲಿ ನಿಗದಿತ ಹೊತ್ತು ಮಲಗುವುದು ಉಪಯುಕ್ತ. ಗೊರಕೆಯೊಂದಿಗೆ ಉಸಿರು ಕಟ್ಟುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಯೋಗ ಮತ್ತು ಪ್ರಾಣಾಯಾಮಗಳು ಒತ್ತಡ ತಗ್ಗಿಸಲು ನೆರವಾಗುತ್ತವೆ.

ವೈದ್ಯಕೀಯ ಚಿಕಿತ್ಸೆ

ಜೀವನಶೈಲಿಯ ಬದಲಾವಣೆ ಸಾಲದಿದ್ದಾಗ ವೈದ್ಯರು ಔಷಧಿ ಅಥವಾ ಶಸ್ತ್ರಚಿಕಿತ್ಸೆ ಸೂಚಿಸಬಹುದು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಚುಚ್ಚುಮದ್ದುಗಳು ಹಸಿವನ್ನು ತಗ್ಗಿಸುತ್ತವೆ. ನಿಲ್ಲಿಸಿದರೆ ತೂಕ ಮರಳುವ ಸಾಧ್ಯತೆ ಹೆಚ್ಚು, ಅಡ್ಡಪರಿಣಾಮಗಳೂ ಇವೆ. ಇವನ್ನು ವೈದ್ಯರ ಚೀಟಿಯಿಲ್ಲದೆ ಬಳಸಬಾರದು. ತೀವ್ರ ಸ್ಥೂಲಕಾಯಕ್ಕೆ ಜಠರದ ಗಾತ್ರ ತಗ್ಗಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಇದೆ. ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಚರ್ಮದಡಿಯ ಕೊಬ್ಬನ್ನು ಮಾತ್ರ ತೆಗೆಯುತ್ತದೆ. ಅದರಿಂದ ಇನ್ಸುಲಿನ್ ಪ್ರತಿರೋಧ ಸುಧಾರಿಸಲಿಲ್ಲವೆಂದು 2004ರ ಅಮೆರಿಕದ ಅಧ್ಯಯನವೊಂದು ತೋರಿಸಿತು.

ತಪ್ಪು ಕಲ್ಪನೆಗಳು

- “ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಕರಗುತ್ತದೆ.” ಮಲಗಿ ಏಳುವ ವ್ಯಾಯಾಮದಿಂದ ಹೊಟ್ಟೆಯ ಸ್ನಾಯು ಬಲಗೊಳ್ಳುತ್ತದೆ. ಆದರೆ ಕೊಬ್ಬು ದೇಹದ ಒಂದೇ ಭಾಗದಿಂದ ಕರಗುವುದಿಲ್ಲ.
- “ಬೆಲ್ಲದಿಂದ ಬೊಜ್ಜು ಬರುವುದಿಲ್ಲ.” ಬೆಲ್ಲದಲ್ಲಿ ಅಲ್ಪ ಪ್ರಮಾಣದ ಖನಿಜಗಳಿವೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಶಕ್ತಿಯ ಪ್ರಮಾಣದಲ್ಲಿ ಎರಡೂ ಹೆಚ್ಚುಕಡಿಮೆ ಸಮ.
- “ಜೇನು-ನಿಂಬೆ ನೀರು, ಜೀರಿಗೆ ನೀರು ಕೊಬ್ಬನ್ನು ಕರಗಿಸುತ್ತವೆ.” ಸಕ್ಕರೆ ಹಾಕಿದ ಚಹಾದ ಬದಲಿಗೆ ಜೀರಿಗೆ ನೀರು ಕುಡಿದರೆ ಸಕ್ಕರೆ ಉಳಿತಾಯವಾಗುತ್ತದೆ. ಕೊಬ್ಬು ಕರಗಿಸುವ ವಿಶೇಷ ಶಕ್ತಿ ಅದಕ್ಕಿಲ್ಲ.
- “ಏಕಾದಶಿಯ ಉಪವಾಸದಿಂದ ಹೊಟ್ಟೆ ಇಳಿಯುತ್ತದೆ.” ಅಂದು ಎಣ್ಣೆ, ಶೇಂಗಾ ಬೆರೆಸಿದ ಸಾಬೂದಾನಿ ಉಸುಳಿ ತಿಂದರೆ ಎಂದಿನ ಊಟಕ್ಕಿಂತ ಹೆಚ್ಚು ಶಕ್ತಿ ಸೇರಬಹುದು. ಸಾಬೂದಾನಿ ಬಹುತೇಕ ಶುದ್ಧ ಪಿಷ್ಟ.
- “ಬೆವರು ಬರಿಸುವ ಪಟ್ಟಿ ಕಟ್ಟಿದರೆ ಸೊಂಟ ಸಣ್ಣದಾಗುತ್ತದೆ.” ಬೆವರಿನಿಂದ ಹೋಗುವುದು ನೀರು. ನೀರು ಕುಡಿದೊಡನೆ ಆ ತೂಕ ಮರಳುತ್ತದೆ.

ಮಹಿಳೆಯರು ಮತ್ತು ಮಕ್ಕಳು

ಹೆರಿಗೆಯ ನಂತರ ಗರ್ಭಾಶಯವು ಸುಮಾರು ಆರು ವಾರಗಳಲ್ಲಿ ಮೊದಲಿನ ಗಾತ್ರಕ್ಕೆ ಬರುತ್ತದೆ. ಹೊಟ್ಟೆಗೆ ಬಟ್ಟೆ ಕಟ್ಟುವುದರಿಂದ ಆಧಾರ ದೊರೆಯಬಹುದು, ಕೊಬ್ಬು ಕರಗುವುದಿಲ್ಲ. ಬಾಣಂತಿಗೆ ಹೆಚ್ಚುವರಿ ಆಹಾರ ಅವಶ್ಯ. ಆದರೆ ಹಾಲೂಡಿಸುವುದು ನಿಂತ ಮೇಲೂ ಅಂಟಿನ ಉಂಡಿ, ತುಪ್ಪದ ಪ್ರಮಾಣ ಹಾಗೆಯೇ ಮುಂದುವರಿದರೆ ಬೊಜ್ಜು ಉಳಿದುಬಿಡುತ್ತದೆ. ಮನೆಮಂದಿಯೆಲ್ಲ ಉಂಡ ಬಳಿಕ ಉಳಿದುದನ್ನು ಕೆಡಿಸಬಾರದೆಂದು ತಾವೇ ಉಣ್ಣುವುದು, ತಮಗಾಗಿ ನಡಿಗೆಗೆ ಸಮಯ ಸಿಗದಿರುವುದು ಗೃಹಿಣಿಯರಲ್ಲಿ ಸಾಮಾನ್ಯವಾದ ಕಾರಣಗಳು. ಮನೆಗೆಲಸವನ್ನು ಹಂಚಿಕೊಳ್ಳುವುದು ಕೂಡ ಆರೋಗ್ಯ ಕ್ರಮವೇ ಆಗಿದೆ.

ಮಕ್ಕಳಿಗೆ ವಯಸ್ಕರ ಮಿತಿಗಳು ಅನ್ವಯಿಸುವುದಿಲ್ಲ. ಬೆಳೆಯುವ ಮಕ್ಕಳನ್ನು ಉಪವಾಸ ಕೆಡಹುವುದು ಹಾನಿಕರ. ದಿನಕ್ಕೆ ಒಂದು ಗಂಟೆಯ ಆಟ, ಸಿಹಿ ಪಾನೀಯ ಮತ್ತು ಪೊಟ್ಟಣದ ತಿಂಡಿಗಳ ಮಿತಿ, ಮೊಬೈಲ್ ವೀಕ್ಷಣೆಯ ಮಿತಿ ಸಾಕು. ದಪ್ಪಗಿರುವ ಮಗುವನ್ನು ತರಗತಿಯಲ್ಲಾಗಲಿ ಮನೆಯಲ್ಲಾಗಲಿ ಅಡ್ಡಹೆಸರಿನಿಂದ ಕರೆಯಬಾರದು. ಅವಮಾನದಿಂದ ತೂಕ ಇಳಿಯುವುದಿಲ್ಲ, ಆ ಮಗು ಆಟದ ಮೈದಾನದಿಂದ ಇನ್ನಷ್ಟು ದೂರ ಸರಿಯುತ್ತದೆ.

ತಪಾಸಣೆ ಮತ್ತು ವೈದ್ಯರನ್ನು ಕಾಣಬೇಕಾದ ಸಂದರ್ಭ

ಅಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಉಚಿತವಾಗಿ ದೊರೆಯುತ್ತದೆ. ಆಶಾ ಕಾರ್ಯಕರ್ತೆಯರು ಮನೆಗಳಲ್ಲಿ ತುಂಬುವ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ಚಟುವಟಿಕೆ, ಕುಟುಂಬದ ರೋಗ ಇವುಗಳೊಂದಿಗೆ ಸೊಂಟದ ಸುತ್ತಳತೆಗೂ ಅಂಕವಿದೆ. ಮಹಿಳೆಯರಲ್ಲಿ 80ರವರೆಗೆ ಸೊನ್ನೆ, 81ರಿಂದ 90 ಸೆಂ.ಮೀ.ಗೆ ಒಂದು, ಅದಕ್ಕಿಂತ ಹೆಚ್ಚಿದ್ದರೆ ಎರಡು ಅಂಕ; ಪುರುಷರಲ್ಲಿ 90ರವರೆಗೆ ಸೊನ್ನೆ, 91ರಿಂದ 100ಕ್ಕೆ ಒಂದು, ಅದಕ್ಕಿಂತ ಹೆಚ್ಚಿದ್ದರೆ ಎರಡು. ಒಟ್ಟು ಅಂಕ ನಾಲ್ಕನ್ನು ಮೀರಿದವರು ಆದ್ಯತೆಯಿಂದ ತಪಾಸಣೆಗೆ ಹೋಗಬೇಕು. ಜಮಖಂಡಿ, ಮುಧೋಳ ಮತ್ತು ಬೀಳಗಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ.

ದೊಡ್ಡ ಹೊಟ್ಟೆಯೆಲ್ಲವೂ ಬೊಜ್ಜಲ್ಲ. ಕೆಲವೇ ವಾರಗಳಲ್ಲಿ ಹೊಟ್ಟೆ ಉಬ್ಬುವುದು, ಕಾಲು ಊತ, ಕಣ್ಣು ಹಳದಿಯಾಗುವುದು, ಕೈ ಕಾಲು ಸೊರಗಿ ಹೊಟ್ಟೆ ಮಾತ್ರ ಬೆಳೆಯುವುದು, ಕಾರಣವಿಲ್ಲದ ತೂಕ ಇಳಿಕೆ, ಹೊಟ್ಟೆಯಲ್ಲಿ ಗಡ್ಡೆ ಅಥವಾ ನಿರಂತರ ನೋವು ಇದ್ದರೆ ಯಕೃತ್ತಿನ ರೋಗದಿಂದ ನೀರು ತುಂಬಿರುವುದು, ಅಂಡಾಶಯದ ಗಡ್ಡೆ ಮುಂತಾದ ಗಂಭೀರ ಕಾರಣಗಳಿರಬಹುದು. ಇಂತಹ ಸಂದರ್ಭದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಉಪವಾಸ ಮಾಡಬಾರದು. ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಡೆಯುವಾಗ ಎದೆ ಬಿಗಿತ ಅಥವಾ ಅತಿಯಾದ ಏದುಸಿರು ಬಂದರೆ ವ್ಯಾಯಾಮ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇವನ್ನೂ ನೋಡಿ

- ಮಧುಮೇಹ
- ರಕ್ತದೊತ್ತಡ
- ದೇಹ ತೂಕ ಸೂಚ್ಯಂಕ
- ಜೋಳ
- ಬಾಗಲಕೋಟೆ ಜಿಲ್ಲೆ